ಕರ್ಚೀಫು ಸುತ್ತಿದ ಬಳೆಗಳು

ಸುದ್ದಿ ಮತ್ತು ಕೆಲಸ ಎರಡೂ ಒಂದೇ ಫೋನಿನಲ್ಲಿ ಬಂದವು.

ಬೆಳಗಿನ ಹೊತ್ತು. ರಾಜಾಜಿನಗರದ ನಮ್ಮ ಮನೆಯಲ್ಲಿ ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಫೋನು ಮಾಡಿದವರು ಡಬ್ಬಿಂಗ್ ಸ್ಟುಡಿಯೋದ ಮ್ಯಾನೇಜರು. "ಮೇಡಂ, ವಿಷಯ ಗೊತ್ತಾಯ್ತಾ? ಹೋಗ್ಬಿಟ್ರು" ಎಂದು ನನ್ನ ಜೊತೆ ಡಬ್ಬಿಂಗ್ ಮಾಡುತ್ತಿದ್ದ ಆಕೆಯ ಹೆಸರು ಹೇಳಿದರು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದರಂತೆ. ಜ್ವರ ಇಳಿದಿತ್ತಂತೆ, ಇಳಿದ ಮೇಲೆಯೇ ಹೀಗಾಯಿತಂತೆ. ಆಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳ್ಕೋಬೇಡಿ ಮೇಡಂ. ಅವರ ಸೀರಿಯಲ್ದು ಟೆಲಿಕಾಸ್ಟಿಗೆ ಎಪಿಸೋಡೇ ಇಲ್ಲ. ನಾಳಿದ್ದು ಬರೋಕಾಗುತ್ತಾ?"

"ಬರ್ತೀನಿ" ಎಂದೆ.

ಫೋನು ಇಟ್ಟ ಮೇಲೆ ಆ 'ಬರ್ತೀನಿ' ನನ್ನ ಕಿವಿಯಲ್ಲೇ ಉಳಿಯಿತು. ದನಿಯ ಕೆಲಸ ಮಾಡುವವಳು ನಾನು. ಒಂದು ಮಾತಿನಲ್ಲಿ ಅಳು ಎಷ್ಟಿದೆ, ಆಸೆ ಎಷ್ಟಿದೆ ಎಂದು ಅಳೆಯುವುದು ಅಭ್ಯಾಸವಾಗಿಬಿಟ್ಟಿದೆ. ಆ ಮಾತಿನಲ್ಲಿ ಎರಡೂ ಇದ್ದವು. ಯಾವುದು ಹೆಚ್ಚಿತ್ತು ಎಂಬುದನ್ನು ಖಚಿತವಾಗಿ ಹೇಳಲು ನನಗೆ ಈಗಲೂ ಆಗುತ್ತಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು. ಆ ವರ್ಷಗಳಲ್ಲಿ ಕನ್ನಡ ಸಿನಿಮಾದ ನಾಯಕಿಯರು ಹೆಚ್ಚಾಗಿ ಹೊರಗಿನಿಂದ ಬರುತ್ತಿದ್ದರು. ಬೆಳ್ಳಗಿರುತ್ತಿದ್ದರು, ಚೆನ್ನಾಗಿ ಕುಣಿಯುತ್ತಿದ್ದರು, ಕನ್ನಡ ಮಾತ್ರ ಬರುತ್ತಿರಲಿಲ್ಲ. ಕ್ಯಾಮೆರಾದ ಮುಂದೆ ಅವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಏನಾದರೊಂದು ಹೇಳಿ ತುಟಿ ಆಡಿಸುತ್ತಿದ್ದರು. ಮಾತೇ ನೆನಪಾಗದಿದ್ದಾಗ ಒಂದು ಎರಡು ಮೂರು ಎಂದು ಎಣಿಸಿಬಿಡುತ್ತಿದ್ದರು. ಆ ತುಟಿಗಳಿಗೆ ಕನ್ನಡ ಕೂರಿಸುವವರು ನಾವು. ಕತ್ತಲೆ ಕೋಣೆ, ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನು, ಮುಂದೆ ಮೈಕು. ನಾಯಕಿ ಎಣಿಸುತ್ತಾಳೆ. ನಾವು ಅಲ್ಲಿ 'ನಿನ್ನನ್ನ ಬಿಟ್ಟು ನಾನು ಹೇಗಿರ್ಲಿ' ಎನ್ನುತ್ತೇವೆ. ಚಿತ್ರಮಂದಿರದಲ್ಲಿ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಪರದೆಯ ಮೇಲೆ ನಮ್ಮ ಹೆಸರು ಬರುವುದಿಲ್ಲ. ಬಂದರೂ ಕೊನೆಯಲ್ಲಿ, ಜನ ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿಗೆ ಬರುತ್ತದೆ.

ಈ ಕೆಲಸಕ್ಕೆ ಆಕೆ ನನಗಿಂತ ತಡವಾಗಿ ಬಂದಳು. ವಯಸ್ಸಿನಲ್ಲೂ ಚಿಕ್ಕವಳು. ಬಸವೇಶ್ವರನಗರದಲ್ಲಿ ಒಂದು ಮನೆಯ ನೆಲಮಾಳಿಗೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಅಲ್ಲಿಗೆ ಆಕೆ ಮೊದಲ ಸಲ ಬಂದದ್ದು ಗುಂಪಿನ ದನಿಗೆಂದು. ಸಂತೆಯ ಗದ್ದಲ, ಮದುವೆ ಮನೆಯ ಪಿಸುಮಾತು, ಕಾಲೇಜು ಕ್ಯಾಂಟೀನಿನ ಕಲಕಲ ಇಂಥವಕ್ಕೆಲ್ಲ ನಾಲ್ಕಾರು ಜನರನ್ನು ಕರೆಸಿ ಮೈಕಿನಿಂದ ದೂರ ನಿಲ್ಲಿಸಿ ಸುಮ್ಮನೆ ಮಾತಾಡಲು ಹೇಳುತ್ತಾರೆ. ಗದಗಿನ ಕಡೆಯವಳು, ಗಂಡನಿಗೆ ಇಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಬಂದವಳು, ಯಾರೋ ಪರಿಚಯದವರು ಕಳಿಸಿದ್ದರು. ಎಲ್ಲಿ ನಿಲ್ಲಬೇಕು, ಹಾಳೆಯನ್ನು ಸದ್ದಾಗದಂತೆ ಹೇಗೆ ತಿರುವಬೇಕು, ಎಂಜಲು ನುಂಗುವುದಾದರೆ ಯಾವಾಗ ನುಂಗಬೇಕು ಎಂಬುದನ್ನೆಲ್ಲ ಆಕೆಗೆ ಹೇಳಿಕೊಟ್ಟದ್ದು ನಾನೇ. "ಥ್ಯಾಂಕ್ಸ್ ಅಕ್ಕಾ" ಎಂದಳು. ಅಂದಿನಿಂದ ನಾನು ಆಕೆಗೆ ಅಕ್ಕ.

ಅದೇ ದಿನ ನಾನು ನಾಯಕಿಯ ದನಿಯ ಪರೀಕ್ಷೆಗೆಂದು ಹೋಗಿದ್ದೆ. ಅದುವರೆಗೆ ಗೆಳತಿ, ನರ್ಸು, ಅತ್ತಿಗೆ, ಟೀಚರು ಮಾಡಿಕೊಂಡಿದ್ದವಳಿಗೆ ಸಿಕ್ಕ ಮೊದಲ ಅವಕಾಶ. ವಾರವಿಡೀ ಬಿಸಿನೀರು ಕುಡಿದು, ಮೊಸರು ಬಿಟ್ಟು, ಮಾತು ಉಳಿಸಿಕೊಂಡು ಹೋಗಿದ್ದೆ. ನನ್ನ ಉಚ್ಚಾರಣೆ ಚೆನ್ನಾಗಿದೆ ಎಂದು ನಿರ್ದೇಶಕರು ಹೇಳಿದರು. ಅಷ್ಟರಲ್ಲಿ ಕ್ಯಾಂಟೀನಿನ ದೃಶ್ಯಕ್ಕೆ ಹಿಡಿದ ಗುಂಪಿನ ದನಿಯನ್ನು ಸೌಂಡ್ ಎಂಜಿನಿಯರು ಹಾಕಿ ಕೇಳಿಸಿದರು. ಗದ್ದಲದ ನಡುವೆ ಯಾರೋ ನಕ್ಕದ್ದು ಕೇಳಿಸಿತು.

"ಒಂದ್ನಿಮಿಷ. ಆ ನಕ್ಕೋರು ಯಾರ್ರೀ?" ಎಂದರು ನಿರ್ದೇಶಕರು.

ಆಕೆ ತಪ್ಪು ಮಾಡಿದವಳ ಹಾಗೆ ಮುಂದೆ ಬಂದಳು. "ಸಾರಿ ಸಾರ್, ಪಕ್ಕದಲ್ಲಿದ್ದೋರು ಏನೋ ಜೋಕ್ ಹೇಳಿದ್ರು."

ಆ ಜೋಕು ಹೇಳಿದ್ದೂ ನಾನೇ. ಪರೀಕ್ಷೆಗೆ ಮುಂಚೆ ಭಯ ಕಳೆಯಲೆಂದು ಗುಂಪಿನ ಜೊತೆ ಹೋಗಿ ನಿಂತಿದ್ದೆ. ಒಂದು ನಗುವಿನಲ್ಲಿ ಆಕೆ ನಾಯಕಿಯಾದಳು. ನನಗೆ ಆ ಚಿತ್ರದಲ್ಲಿ ನಾಯಕಿಯ ಗೆಳತಿ ಸಿಕ್ಕಳು.

ಆಕೆಯ ಬಗ್ಗೆ ಹೊಟ್ಟೆಕಿಚ್ಚು ಪಡದವರು ನಮ್ಮಲ್ಲಿ ಇರಲಿಲ್ಲ. ಆದರೆ ಬೇರೆಯವರದು ದೂರದ ಹೊಟ್ಟೆಕಿಚ್ಚು. ನನ್ನದು ಪಕ್ಕದ ಸೀಟಿನದು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಆಕೆ ಹೇರೋಹಳ್ಳಿಯಿಂದ ಹತ್ತಿ ನನಗೆ ಕಿಟಕಿಯ ಪಕ್ಕ ಸೀಟು ಹಿಡಿದಿಟ್ಟಿರುತ್ತಿದ್ದಳು. ನಾನು ಎಣ್ಣೆ ತಿಂಡಿ ಮುಟ್ಟುತ್ತಿರಲಿಲ್ಲ, ಐಸು ಹಾಕಿದ್ದನ್ನು ಕುಡಿಯುತ್ತಿರಲಿಲ್ಲ, ಡಬ್ಬಿಂಗ್ ಇದ್ದ ದಿನಗಳಲ್ಲಿ ಕತ್ತಿಗೆ ಮಫ್ಲರು ಸುತ್ತಿಕೊಳ್ಳುತ್ತಿದ್ದೆ. ಆಕೆ ಬಸ್ ಸ್ಟಾಪಿನ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ತಿಂದು, ಮನೆಯಿಂದ ತಂದ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿ, "ತಿನ್ನಿ ಅಕ್ಕಾ, ಗಂಟಲು ಏನು ಗಾಜಿಂದಾ?" ಎನ್ನುತ್ತಿದ್ದಳು. ತಿಂದು ಕೈ ತೊಳೆದು ಒಳಗೆ ಹೋದರೆ ಹದಿನೆಂಟರ ಹುಡುಗಿಯ ದನಿ.

ಹೊರಗೆ ಆಕೆಯ ಮಾತು ಬೇರೆ. ಮನೆಗೆ ಫೋನು ಮಾಡುವಾಗ ಪೂರ್ತಿ ಗದಗಿನವಳು. "ಹೂಂ ಅತ್ತಿ, ಹೊಂಟೀನಿ. ನೀವು ಉಂಡ್ರೇನು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವವಳು ಮೈಕಿನ ಮುಂದೆ ಬೆಂಗಳೂರಿನ ಕಾಲೇಜು ಹುಡುಗಿಯಾಗುತ್ತಿದ್ದಳು. ಆ ಭಾಷೆ ನನ್ನದು. ನಾನು ಹುಟ್ಟಿ ಬೆಳೆದದ್ದೇ ಅದರಲ್ಲಿ. ಕಲಿತು ಆಡಿದವಳ ಬಾಯಲ್ಲಿ ಅದು ನನ್ನ ಬಾಯಲ್ಲಿರುವುದಕ್ಕಿಂತ ನಿಜವೆನಿಸುವುದು ಹೇಗೆ ಎಂದು ನನಗೆ ಅರ್ಥವೇ ಆಗುತ್ತಿರಲಿಲ್ಲ.

ಒಮ್ಮೆ ವಿಜಯನಗರದ ಔಷಧಿ ಅಂಗಡಿಯಲ್ಲಿ ನನ್ನ ಕೆಮ್ಮಿಗೆ ಮಾತ್ರೆ ಕೊಳ್ಳಲು ನಿಂತಿದ್ದೆವು. ಆಕೆ ಚಿಲ್ಲರೆ ಕೇಳಿದಳು. ಅಂಗಡಿಯ ಯುವಕ ಕತ್ತೆತ್ತಿ ನೋಡಿದ.

"ಮೇಡಂ, ನಿಮ್ ವಾಯ್ಸು ಆ ಹೀರೋಯಿನ್ ಥರಾನೇ ಇದೆ."

"ಹೌದಾ? ಎಲ್ರೂ ಹಂಗೇ ಅಂತಾರೆ" ಎಂದಳು ಆಕೆ. "ಮುಖಾನೂ ಹಂಗೇ ಇದ್ದಿದ್ರೆ ಇಲ್ಲಿ ಯಾಕೆ ನಿಂತಿರ್ತಿದ್ದೆ?"

ಅವನು ನಕ್ಕ. ನಾನೂ ನಕ್ಕೆ. "ಇವರೂ ಅಷ್ಟೇ, ದೊಡ್ಡ ಆರ್ಟಿಸ್ಟು" ಎಂದು ಆಕೆ ನನ್ನ ಕಡೆ ಕೈ ತೋರಿಸಿದಳು. ಅವನು ಸೌಜನ್ಯಕ್ಕೆ, "ಯಾವ್ದ್ರಲ್ಲಿ ಆಂಟಿ?" ಎಂದು ಕೇಳಿದ. ನನ್ನ ದನಿಯಿದ್ದ ಒಂದು ಪಾತ್ರದ ಹೆಸರೂ ಆ ಕ್ಷಣ ನನಗೆ ನೆನಪಿಗೆ ಬರಲಿಲ್ಲ. ಆಕೆ ಮೇಡಂ, ನಾನು ಆಂಟಿ. ಇಂಥದ್ದನ್ನೆಲ್ಲ ನಾನು ಮರೆಯುವುದಿಲ್ಲ.

ನಮ್ಮ ಮನೆಯಲ್ಲಿ ಟೀವಿಯಲ್ಲಿ ಯಾವುದಾದರೂ ನಾಯಕಿ ಮಾತಾಡಿದರೆ ನನ್ನ ಯಜಮಾನರು ಮೊದಮೊದಲು, "ಇದು ನೀನಾ?" ಎಂದು ಕೇಳುತ್ತಿದ್ದರು.

"ಅಲ್ಲ."

"ಅವರಾ?"

"ಹೂಂ."

ಕೆಲವು ವರ್ಷಗಳ ಮೇಲೆ ಅವರು ಕೇಳುವುದನ್ನು ಬಿಟ್ಟರು. ಪ್ರೀತಿಯಿಂದಲೇ ಬಿಟ್ಟರು ಎಂದು ಗೊತ್ತಿದ್ದರೂ ಆ ಮೌನ ಪ್ರಶ್ನೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಆಕೆಯ ಕೆಲಸದ ರೀತಿ ಹೀಗಿತ್ತು. ನಾವೆಲ್ಲ ತುಟಿ ನೋಡುತ್ತೇವೆ. ಪ, ಬ, ಮ ಬಂದಾಗ ತುಟಿ ಮುಚ್ಚಬೇಕು, ನಾಯಕಿಯ ತುಟಿ ಎಲ್ಲಿ ಮುಚ್ಚುತ್ತದೋ ಅಲ್ಲಿಗೆ ನಮ್ಮ ಮಾತಿನಲ್ಲೂ ಅಂಥ ಅಕ್ಷರ ಬೀಳಬೇಕು. ಇದೇ ನಮ್ಮ ಲೆಕ್ಕ. ಆಕೆ ತುಟಿಯನ್ನು ನೋಡುತ್ತಲೇ ಇರಲಿಲ್ಲ. "ಗಂಟಲು ನೋಡಿ ಅಕ್ಕಾ. ಬಾಯಿ ಸುಳ್ಳು ಹೇಳುತ್ತೆ, ಉಸಿರು ಎಳೆಯೋವಾಗ ಗಂಟಲು ಸುಳ್ಳು ಹೇಳೋಕಾಗಲ್ಲ" ಎನ್ನುತ್ತಿದ್ದಳು. ಪರದೆಯ ಮೇಲಿನ ಹುಡುಗಿ ಉಸಿರೆಳೆದುಕೊಂಡಾಗ ಆಕೆಯೂ ಎಳೆದುಕೊಳ್ಳುತ್ತಿದ್ದಳು. ಮಾತು ಆಮೇಲೆ ತಾನಾಗಿ ಬಂದು ಕೂರುತ್ತಿತ್ತು. ನಾನು ಪ್ರಯತ್ನಿಸಿದೆ. ಗಂಟಲು ನೋಡಿದರೆ ತುಟಿ ತಪ್ಪಿತು, ತುಟಿ ಹಿಡಿದರೆ ಉಸಿರು ತಪ್ಪಿತು. ಅದರಿಂದ ಆದದ್ದು ಒಂದೇ, ಸಿನಿಮಾ ನೋಡುವ ಸುಖ ಹೋಯಿತು. ಕಟೌಟಿಗೆ ಹಾಲೆರೆದು ಶಿಳ್ಳೆ ಹೊಡೆಯುವ ಜನರ ನಡುವೆ ಕೂತು ನಾನು ನಾಯಕಿಯ ಗಂಟಲು ನೋಡುತ್ತಿದ್ದೆ. ಪಾತ್ರ ಯಾರದು? ಬಿಸಿಲಲ್ಲಿ ನಿಂತವಳದೋ, ಕತ್ತಲಲ್ಲಿ ನಿಂತವಳದೋ? ಮುಖ ನೋಡಿ ಮೋಹಗೊಂಡ ಜನ ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರನ್ನು ಪ್ರೀತಿಸುತ್ತಿದ್ದರು? ಇಂಥ ಪ್ರಶ್ನೆಗಳು ನನ್ನನ್ನು ಕಾಡುತ್ತಿದ್ದವು, ಆಕೆಯನ್ನು ಕಾಡಲಿಲ್ಲ.

ಒಂದು ಸಲ ಆಕೆ ದನಿ ಕೊಟ್ಟಿದ್ದ ಚಿತ್ರಕ್ಕೆ ನಾಯಕಿಗೆ ಪ್ರಶಸ್ತಿ ಬಂತು. ಸಮಾರಂಭವನ್ನು ನಮ್ಮ ಮನೆಯ ಟೀವಿಯಲ್ಲಿ ಇಬ್ಬರೂ ಕೂತು ನೋಡಿದೆವು. ಆ ಹುಡುಗಿ ವೇದಿಕೆಗೆ ಬಂದು "ಎಲ್ಲರಿಗೂ ನಮಸ್ಕಾರ" ಎಂದಳು. ಒಡೆದ, ಗಡಸು ದನಿ. ಸಭೆಯಲ್ಲಿ ಕೆಲವರು ನಕ್ಕರು. ನನ್ನ ಪಕ್ಕ ಕೂತಿದ್ದ ಆಕೆಯ ಪರವಾಗಿ ನನಗೆ ಸಿಟ್ಟು ಬಂತು.

"ನಿನ್ನ ಹೆಸರಾದ್ರೂ ಹೇಳ್ಬಾರ್ದಾ ಅವಳು?"

"ಅವಳಿಗೆ ನಾನ್ಯಾರು ಅಂತ ಎಲ್ಲಿ ಗೊತ್ತು ಅಕ್ಕಾ?" ಎಂದಳು. ಚೌಚೌ ಬಾಯಿಗೆ ಹಾಕಿಕೊಂಡು, "ಪಾಪ, ಬಿಸಿಲಲ್ಲಿ ಹೀಲ್ಸ್ ಹಾಕ್ಕೊಂಡು ಬಂಡೆ ಮೇಲೆ ಕುಣಿದೋಳು ಅವಳು. ನಾನು ಏಸೀಲಿ ನಿಂತಿದ್ದೆ" ಎಂದಳು.

ಅದು ತೋರಿಕೆಯ ಮಾತಲ್ಲ. ಎಷ್ಟೋ ಸಲ ಪರೀಕ್ಷಿಸಿ ನೋಡಿದ್ದೇನೆ. ಹೊಟ್ಟೆಕಿಚ್ಚೆಂಬುದು ಆಕೆಯ ಮೈಯಲ್ಲೇ ಇರಲಿಲ್ಲ. ಆಕೆಯ ದನಿಗಿಂತ ಇದರ ಮೇಲೆ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು ಎಂದರೆ ಓದುವವರು ನಂಬಬೇಕು.

ಇನ್ನು ಬಳೆಗಳ ವಿಷಯ. ಮೈಕು ಎಲ್ಲ ಸದ್ದನ್ನೂ ಹಿಡಿಯುತ್ತದೆ. ರೇಷ್ಮೆ ಸೀರೆಯ ಸರಬರ, ಕಾಲುಂಗುರ ನೆಲಕ್ಕೆ ತಾಗಿದ್ದು, ಬಳೆಯ ಕಿಣಿ. ಹಾಗಾಗಿ ನಾವು ಹೆಂಗಸರು ಒಳಗೆ ಹೋಗುವ ಮುಂಚೆ ಬಳೆ ತೆಗೆದು ಪರ್ಸಿನಲ್ಲಿ ಹಾಕಿಕೊಳ್ಳುತ್ತೇವೆ. ಆಕೆ ತೆಗೆಯುತ್ತಿರಲಿಲ್ಲ. ಗಂಡನ ದೊಡ್ಡ ಚೌಕಳಿ ಕರ್ಚೀಫುಗಳನ್ನು ತಂದು, ಎರಡೂ ಕೈಯ ಹಸಿರು ಗಾಜಿನ ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಅತ್ತೆಯ ಅಪ್ಪಣೆ. ಸೊಸೆಯ ಕೆಲಸವೇನೆಂದು ತಿಳಿದ ದಿನ ಆ ಅತ್ತೆ ಬೇರೆ ಯಾವುದಕ್ಕೂ ಬೇಡವೆನ್ನಲಿಲ್ಲವಂತೆ. ಸಿನಿಮಾದಲ್ಲಿ ನಾಯಕಿ ಬಹಳ ಅಳುತ್ತಾಳೇನು ಎಂದು ಕೇಳಿದರಂತೆ. ಹೌದು ಎಂದದ್ದಕ್ಕೆ, "ಹಂಗಾರ ಬಳಿ ತಗೀಬ್ಯಾಡ. ಬರಿಗೈಲೆ ಅಳಬಾರ್ದು. ಸಿನಿಮಾದಾಗ ಅತ್ತರೂ ಅದು ಅಳೋದಽ" ಎಂದರಂತೆ. ಗಂಡನನ್ನು ಕಳೆದುಕೊಂಡವರು ಬರಿಗೈಯಲ್ಲಿ ಅಳುವುದನ್ನು ಕಂಡಿದ್ದ ಹಿರಿಯರು. ಅವರೂ ಹಾಗೆ ಅತ್ತವರೇ.

ಒಂದು ಕೈಯ ಗಂಟನ್ನು ಆಕೆ ತಾನೇ ಹಲ್ಲಿನಿಂದ ಕಚ್ಚಿ ಬಿಗಿಯುತ್ತಿದ್ದಳು. ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚುತ್ತಿದ್ದಳು. "ಅಕ್ಕಾ, ಒಂದ್ ಗಂಟು."

ನಾನು ಕಟ್ಟುತ್ತಿದ್ದೆ. ನನಗೆ ಸಿಗದ ಎಷ್ಟೋ ನಾಯಕಿಯರನ್ನು ಹಾಗೆ ಮಣಿಕಟ್ಟಿಗೆ ಗಂಟು ಹಾಕಿ ಒಳಗೆ ಕಳಿಸಿಕೊಟ್ಟಿದ್ದೇನೆ.

ಒಂದು ಚಿತ್ರದಲ್ಲಿ ನಾಯಕಿ ಕಾಲೇಜಿನ ತಾರಸಿಯ ಮೇಲೆ ನಿಂತು ಅಳುವ ದೃಶ್ಯವಿತ್ತು. ಜೀನ್ಸು ತೊಟ್ಟ ಹುಡುಗಿ, ಕೈಯಲ್ಲಿ ಗಡಿಯಾರ ಕೂಡ ಇಲ್ಲ. ಮೈಕಿನ ಮುಂದೆ ಆಕೆ ಅಳುತ್ತಿರುವಾಗ ಕರ್ಚೀಫು ಸಡಿಲವಾಗಿ ಒಂದು ಬಳೆ ಇನ್ನೊಂದಕ್ಕೆ ತಗುಲಿತು. ಗೆಳತಿಯ ಮಾತಿಗೆಂದು ನಾನು ಪಕ್ಕದ ಮೈಕಿನಲ್ಲಿದ್ದೆ.

"ಸಾರ್, ಬಳೆ ಸದ್ದು ಬಂತು" ಎಂದೆ.

ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಿದ್ದರು. "ಇರ್ಲಿ ಬಿಡಿ ಮೇಡಂ. ಈ ಅಳು ಮತ್ತೆ ಬರಲ್ಲ. ಸದ್ದು ಮಿಕ್ಸಿಂಗಲ್ಲಿ ಹೋಗುತ್ತೆ."

ಅದು ಹೋಗಲಿಲ್ಲ. ಮಾಗಡಿ ರಸ್ತೆಯ ಚಿತ್ರಮಂದಿರದಲ್ಲಿ ಮಧ್ಯಾಹ್ನದ ಆಟಕ್ಕೆ ನಾವಿಬ್ಬರೂ ಹೋಗಿದ್ದೆವು. ತಾರಸಿಯ ದೃಶ್ಯ ಬಂದಾಗ ಆಕೆ ನನ್ನ ಕೈ ಹಿಡಿದುಕೊಂಡಳು. ಇಡೀ ಚಿತ್ರಮಂದಿರ ಮೂಗೊರೆಸಿಕೊಳ್ಳುತ್ತಿತ್ತು. ಆಗ ಸಣ್ಣಗೆ, ಬರಿಗೈ ಹುಡುಗಿಯ ಕೈಯಿಂದ, ಗಾಜಿನ ಬಳೆಯ ಕಿಣಿ.

"ಕೇಳಿಸ್ತಾ?" ಎಂದು ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನನ್ ಹೆಸ್ರು ಹಾಕ್ಲಿಲ್ಲ ಅಂದ್ರೇನು, ನನ್ ಬಳೆ ಹಾಕಿದಾರಲ್ಲ!"

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಬಳೆಗಳನ್ನೇ ನೋಡುತ್ತ ಕೂತೆ. ನಾನು ಎಂದೂ ಬಳೆ ತೆಗೆಯಲು ಮರೆತವಳಲ್ಲ. ಅಷ್ಟು ವರ್ಷದ ಕೆಲಸದಲ್ಲಿ ನನ್ನದೊಂದು ಸದ್ದೂ ತಪ್ಪಿ ಉಳಿದಿರಲಿಲ್ಲ. ಅಚ್ಚುಕಟ್ಟುತನವೆಂದು ನಾನು ಹೆಮ್ಮೆಪಡುತ್ತಿದ್ದದ್ದು ಅಂದು ಬೇರೆಯಾಗಿ ಕಂಡಿತು. ನಾನು ಅಲ್ಲಿ ಇದ್ದೆ ಎಂಬುದಕ್ಕೆ ಎಲ್ಲಿಯೂ ಒಂದು ಗುರುತಿರಲಿಲ್ಲ.

ಸ್ಟುಡಿಯೋದಿಂದ ಫೋನು ಬಂದದ್ದರ ಬಗ್ಗೆ ಹೇಳಿದೆನಲ್ಲ. ಅವರು ಕರೆದ ದಿನ ಹೋದೆ. ಅದು ಪ್ರತಿದಿನ ಸಂಜೆ ಬರುವ ಧಾರಾವಾಹಿ. ನಾಯಕಿ ಕೇರಳದ ಹುಡುಗಿ, ಅವಳಿಗೆ ಮೊದಲಿನಿಂದ ದನಿ ಕೊಡುತ್ತಿದ್ದದ್ದು ಆಕೆಯೇ. ಒಳಗೆ ಹೋಗುವ ಮುಂಚೆ ಧಾರಾವಾಹಿಯ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. ಸಣ್ಣ ವಯಸ್ಸಿನವರು, ಸಂಕೋಚಪಡುತ್ತಿದ್ದರು.

"ಮೇಡಂ, ಒಂದು ವಿಷಯ. ನಿಮ್ ವಾಯ್ಸ್ ಬೇಡ."

"ಅಂದ್ರೆ?"

"ಅಂದ್ರೆ... ಅವರ ಥರ ಮಾಡ್ಬೇಕು. ಮನೇಲಿ ನೋಡೋರಿಗೆ ಗೊತ್ತಾಗಬಾರ್ದು. ಅವರನ್ನ ನಿಮ್ಮಷ್ಟು ಹತ್ತಿರದಿಂದ ಕೇಳಿರೋರು ಇನ್ಯಾರೂ ಇಲ್ಲ ಅಂತ ಎಲ್ರೂ ಹೇಳಿದ್ರು."

ಅದು ನಿಜವೇ. ಹೊಟ್ಟೆಕಿಚ್ಚಿನಷ್ಟು ಗಮನವಿಟ್ಟು ಕೇಳುವ ಕಿವಿ ಬೇರೆ ಇರಲಾರದು. ಆಕೆ ಎಲ್ಲಿ ಎಳೆಯುತ್ತಾಳೆ, ಎಲ್ಲಿ ತಡೆಯುತ್ತಾಳೆ, ನಗುವಿನ ಕೊನೆಯಲ್ಲಿ ಉಸಿರು ಹೇಗೆ ಬಿಡುತ್ತಾಳೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಕೊನೆಗೂ ನಾಯಕಿಯ ಮೈಕು ನನ್ನ ಮುಂದೆ ಬಂದಿತ್ತು. ಅದರ ಮುಂದೆ ನನಗೇ ಜಾಗವಿರಲಿಲ್ಲ.

ಮೊದಲ ಕೆಲವು ದಿನದ ಸಣ್ಣಪುಟ್ಟ ಮಾತುಗಳು ಹೇಗೋ ದಾಟಿದವು, ಆಮೇಲೆ ಅಳುವ ದೃಶ್ಯ ಬಂತು. ನಾಯಕಿ ಬಸ್ ನಿಲ್ದಾಣದಲ್ಲಿ ಅಕ್ಕನನ್ನು ಕಳಿಸಿಕೊಡುತ್ತಾಳೆ. ಬಸ್ಸು ಹೊರಟ ಮೇಲೆ ಅಳುತ್ತಾಳೆ. ಮೊದಲ ಟೇಕು ಸರಿಬರಲಿಲ್ಲ, ಎರಡನೆಯದೂ ಬರಲಿಲ್ಲ. ತುಟಿ ಕೂರುತ್ತಿತ್ತು, ಆಕೆ ಬರುತ್ತಿರಲಿಲ್ಲ. ಸೌಂಡ್ ಎಂಜಿನಿಯರು ಗಾಜಿನ ಆಚೆಯಿಂದ ತಲೆ ಅಲ್ಲಾಡಿಸಿದರು. ನಾನು ಹೊರಗೆ ಬಂದು ಪರ್ಸಿನಿಂದ ಬಳೆ ತೆಗೆದು ಮತ್ತೆ ಹಾಕಿಕೊಂಡೆ. ಎಂಜಿನಿಯರನ್ನೂ ಮ್ಯಾನೇಜರನ್ನೂ ಕರ್ಚೀಫು ಕೇಳಿದೆ. ಕಾರಣ ಕೇಳದೆ ಇಬ್ಬರೂ ಕೊಟ್ಟರು. ಒಂದು ಗಂಟನ್ನು ಹಲ್ಲಿನಿಂದ ಬಿಗಿದೆ. ಇನ್ನೊಂದು ಕೈಯನ್ನು ಚಾಚಿ ಒಂದು ಕ್ಷಣ ನಿಂತೆ. ಆಮೇಲೆ ಅದನ್ನೂ ಹಲ್ಲಿನಿಂದಲೇ ಕಟ್ಟಿಕೊಂಡೆ. ಸಡಿಲವಾಗಿಯೇ ಉಳಿಯಿತು.

ಮೈಕಿನ ಮುಂದೆ ನಿಂತಾಗ ಒಂದು ಸಂಗತಿ ತಿಳಿಯಿತು. ಬಳೆಗಳ ಮೇಲೆ ಬಟ್ಟೆ ಬಿಗಿದಿದ್ದರೆ ಕೈಯನ್ನು ಬೀಸಲು ಮನಸ್ಸು ಬರುವುದಿಲ್ಲ. ಎಲ್ಲಿ ಸದ್ದಾದೀತೋ ಎಂಬ ಅಳುಕಿನಿಂದ ಎರಡೂ ಕೈ ತಾವಾಗಿ ಹೊಟ್ಟೆಯ ಮೇಲೆ ಬಂದು ಕೂರುತ್ತವೆ. ಆಕೆ ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದಳು. ಅಲ್ಲಿ ಕೈಯಿಟ್ಟುಕೊಂಡಾಗ ಉಸಿರು ಎದೆಯಿಂದ ಹೊರಡುವುದಿಲ್ಲ, ಅದಕ್ಕಿಂತ ಕೆಳಗಿನಿಂದ ಬರುತ್ತದೆ. ವರುಷಗಟ್ಟಲೆ ಅದು ಆಕೆಗೆ ಹುಟ್ಟಿನಿಂದ ಬಂದ ವರವೆಂದು ಕುದ್ದಿದ್ದೆ. ಅತ್ತೆಯ ಒಂದು ಮಾತು, ಗಂಡನ ಕರ್ಚೀಫು, ನಾನೇ ಹಾಕುತ್ತಿದ್ದ ಗಂಟು, ಇಷ್ಟೇ ಅದರ ಹಿಂದೆ ಇದ್ದದ್ದು. ಗಂಟು ಹಾಕುತ್ತಿದ್ದವಳಿಗೆ ಕಾಣಲಿಲ್ಲ.

ಪರದೆಯ ಮೇಲಿನ ಹುಡುಗಿಯ ಗಂಟಲು ನೋಡಿದೆ. ಅವಳು ಉಸಿರೆಳೆದಾಗ ನಾನೂ ಎಳೆದೆ. ಬಸ್ಸು ಹೊರಟಿತು. ಆಮೇಲೆ ಅತ್ತದ್ದು ನಾಯಕಿಯಾಗಿಯೋ, ಆಕೆಯಾಗಿಯೋ, ನಾನಾಗಿಯೋ ನನಗೆ ಗೊತ್ತಿಲ್ಲ. ಆಕೆ ಸತ್ತ ಮೇಲೆ ಆ ಹೊತ್ತಿನವರೆಗೆ ನಾನು ಅತ್ತಿರಲಿಲ್ಲ. ಅಳುವಿನ ನಡುವೆ ಸಡಿಲವಾದ ಗಂಟಿನೊಳಗೆ ನನ್ನ ಬಳೆ ಕಿಣಿ ಎಂದದ್ದು ಹೆಡ್‌ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಬಳೆ ಬಂತು. ಇನ್ನೊಂದು ಮಾಡೋಣ" ಎಂದೆ.

"ಬೇಡ ಮೇಡಂ" ಎಂದರು ನಿರ್ದೇಶಕರು. ಅವರ ದನಿಯೂ ನೆಟ್ಟಗಿರಲಿಲ್ಲ. "ಟೈಮೂ ಇಲ್ಲ. ಓಕೆ ಇದು."

ಆಕೆಯ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಹೇರೋಹಳ್ಳಿಗೆ ಹೋದೆ. ಮಣ್ಣಿನ ದಿಬ್ಬಗಳ, ಅರ್ಧ ಕಟ್ಟಿದ ಮನೆಗಳ ನಡುವೆ ದಾರಿ ಕೇಳಿಕೊಂಡು ಹೋಗಬೇಕಾಯಿತು. ಬಸ್ಸಿನಲ್ಲಿ ಅಷ್ಟು ವರ್ಷ ಜೊತೆಗೆ ಕೂತವಳ ಮನೆಗೆ ನಾನು ಹೋದದ್ದು ಅದೇ ಮೊದಲು. ಗಂಡ ಬಾಗಿಲು ತೆಗೆದರು. ನನ್ನ ಕೆಲಸವೇನು, ಆಕೆಯ ಬದಲು ಈಗ ಬಂದವರು ಯಾರು ಎಂದು ಅವರಿಗೆ ಮ್ಯಾನೇಜರು ಹೇಳಿದ್ದರು. ಕೈಮುಗಿದು ಒಳಗೆ ಕರೆದರು.

ಅತ್ತೆ ಟೀವಿಯ ಹತ್ತಿರ, ಚಾಪೆಯ ಮೇಲೆ, ಕಿವಿ ಅದರ ಕಡೆ ಮಾಡಿ ಕೂತಿದ್ದರು. ಕಣ್ಣು ಬಹುಮಟ್ಟಿಗೆ ಹೋಗಿತ್ತು.

"ಯಾರಪಾ?"

"ಸ್ಟುಡಿಯೋದ ಅಕ್ಕ, ಅವ್ವಾ. ಅಕಿ ಹೇಳ್ತಿದ್ಲಲ್ಲ."

"ಬಾರವಾ, ಕುಂದ್ರು. ಚಲೋ ಹೊತ್ತಿಗೆ ಬಂದಿ. ಈಗ ಅಕೀದು ಬರ್ತೈತಿ."

ಸಾವಿನ ಮನೆಯಲ್ಲಿ ಟೀವಿ ಹಚ್ಚಿದ್ದಕ್ಕೆ ಬಂಧುಗಳು ಆಡಿಕೊಂಡಿದ್ದರಂತೆ. ಈ ತಾಯಿ ಕೇಳಿರಲಿಲ್ಲ. ನನ್ನ ಸೊಸೆ ಮಾತಾಡೋದು ನಾನ್ಯಾಕೆ ಬಂದ್ ಮಾಡಲಿ ಎಂದಿದ್ದರಂತೆ. ಧಾರಾವಾಹಿ ಶುರುವಾಯಿತು. ಅಂದು ಬಂದದ್ದು ಬಸ್ ನಿಲ್ದಾಣದ ದೃಶ್ಯವಿದ್ದ ಕಂತು. ನಾನು ಎದ್ದು ಹೋಗಬೇಕೆಂದುಕೊಂಡೆ. ಗಂಡ ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತಿದ್ದರು. ನನ್ನ ಅಳು ಆ ಸಣ್ಣ ಕೋಣೆಯನ್ನು ತುಂಬಿತು. ಅದರ ನಡುವೆ, ಸಣ್ಣಗೆ, ಕಿಣಿ.

ಅತ್ತೆ ಕೈಯೆತ್ತಿದರು. "ಕೇಳಿದ್ಯೇನವಾ? ಬಳಿ ಸಪ್ಪಳ!"

ಎತ್ತಿದ ಕೈಯನ್ನು ಟೀವಿಯ ಕಡೆ ತೋರಿಸಿದರು.

"ನೀವೆಲ್ಲಾ ತಗದ ಇಡ್ತೀರಂತಲ್ಲ. ಅಕಿ ತಗೀತಿದ್ದಿಲ್ಲ. ನಾ ಹೇಳಿದ್ದೆ." ಮುಖದಲ್ಲಿ ಒಂದು ಹೆಮ್ಮೆ. "ಓಣ್ಯಾಗಿನ ಮಂದಿ ಏನೇನೋ ಅಂತಾರ, ಈಗ ದನಿ ಬ್ಯಾರೆದವ್ರದ ಅಂತ. ಮೊನ್ನೆ ನನಗೂ ಹಂಗಽ ಅನಿಸಿತ್ತು. ಇವತ್ತ ಖಾತ್ರಿ ಆತು ನೋಡ. ಅಕೀದಽ. ಇಷ್ಟ ಚಲೋ ಹಿಂದ ಎಂದೂ ಅತ್ತಿದ್ದಿಲ್ಲ ಅಕಿ. ಹೋಗ್ತೀನಂತ ಮೊದಲಽ ಗೊತ್ತಾಗಿತ್ತೇನೋ."

ಗಂಡ ತಲೆಯೆತ್ತಿ ನನ್ನನ್ನು ನೋಡಿದರು. ಅವರು ಕೇಳಿದ್ದರೆ ಆ ಬಳೆ ನನ್ನದೆಂದು ಹೇಳಿಬಿಡುತ್ತಿದ್ದೆನೋ ಏನೋ. ನನ್ನ ಅತ್ಯುತ್ತಮ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು, ನನ್ನ ಎದುರಿಗೇ, ಅಷ್ಟು ಹತ್ತಿರದಲ್ಲಿ ಬಂತು. ಇಷ್ಟು ವರ್ಷದಲ್ಲಿ ತಪ್ಪಿ ಉಳಿದ ನನ್ನ ಒಂದೇ ಒಂದು ಸದ್ದು ಆಕೆ ಇದ್ದಾಳೆಂಬುದಕ್ಕೆ ಸಾಕ್ಷಿಯಾಗಿತ್ತು. ಕೈಯ ಬಳೆಗಳು ಅಲುಗದಂತೆ ಸೆರಗಿನೊಳಗೆ ಹಿಡಿದುಕೊಂಡು ಕೂತೆ. ಎದೆಯಲ್ಲಿ ಆ ಹಳೆಯ ಉರಿ, ಆಕೆ ನಕ್ಕ ದಿನದಷ್ಟೇ ಹೊಸದಾಗಿ, ಎದ್ದು ಬಂತು. ಸತ್ತವಳ ಮೇಲೆ ಹೀಗಾಗಬಹುದೆಂದು ನಾನು ಎಣಿಸಿರಲಿಲ್ಲ.

ಜಾಹೀರಾತು ಬಂತು. ಅತ್ತೆ ನನ್ನ ಕಡೆ ತಿರುಗಿದರು. ಈಗ ಅವರ ದನಿ ಇಳಿದಿತ್ತು.

"ಖರೇ ಹೇಳವಾ. ಇನ್ನ ಎಷ್ಟ ದಿನದ್ದು ಮಾಡಿಟ್ಟು ಹೋಗ್ಯಾಳ?"

"ಬೇಕಾದಷ್ಟಿದೆ ಅಮ್ಮಾ" ಎಂದೆ. "ಇನ್ನೂ ತುಂಬಾ ದಿನ ಬರುತ್ತೆ."

ನನ್ನ ಸ್ವಂತ ದನಿಯಲ್ಲೇ ಹೇಳಿದೆ. ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದೆ. ಅವರು ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಟೀವಿಯ ಹತ್ತಿರಕ್ಕೆ ಸರಿದು ಕೂತರು. ಜಾಹೀರಾತು ಮುಗಿದಿತ್ತು. ಆಕೆ ಮತ್ತೆ ಮಾತಾಡಲು ಶುರುಮಾಡಿದ್ದಳು.